ಅಮ್ಮನನ್ನೂ ಅತ್ತೆಯನ್ನೂ ಎತ್ತಿಹಿಡಿದ ಲಿಫ್ಟ್ ಯಂತ್ರಕ್ಕೆ

ಮಾನ್ಯ ಲಿಫ್ಟ್ ಯಂತ್ರ ಮಹೋದಯರೇ,

ಎರಡು ಉಕ್ಕಿನ ಕಂಬಗಳಾಗಿ ನಿಂತು, ನಾಲ್ಕು ತೋಳುಗಳನ್ನು ಚಾಚಿ, ಯಾರ ಕಾರು, ಎಷ್ಟು ಹಳೆಯದು, ಕಂತು ತೀರಿದೆಯೇ ಎಂಬ ಯಾವ ವಿಚಾರಣೆಯನ್ನೂ ಮಾಡದೆ ಎಲ್ಲವನ್ನೂ ಸಮಭಾವದಿಂದ ಆಳೆತ್ತರಕ್ಕೆ ಎತ್ತಿ ನಿಲ್ಲಿಸುವ ತಮಗೆ, ಹಲ್ಲು ಕೀಳುವ ಕಸುಬಿನ ಈ ಸಾಮಾನ್ಯನ ಸವಿನಯ ವಂದನೆಗಳು. ತಮ್ಮ ಸರಪಳಿಗಳಿಗೆ ಗ್ರೀಸು ಕಾಲಕಾಲಕ್ಕೆ ದೊರೆಯುತ್ತಿದೆಯೆಂದು ನಂಬಿದ್ದೇನೆ. ಇತ್ತ ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ನನ್ನ ದೂರು ಇರುವುದೇ ಅದರ ಬಗ್ಗೆ. ತಮಗೆ ಅಂಚೆ ವಿಳಾಸವಿಲ್ಲದ ಕಾರಣ, ಮತ್ತು ಗ್ಯಾರೇಜಿನ ಮೇಸ್ತ್ರಿಯ ಕೈಯಲ್ಲಿ ಕೊಟ್ಟರೆ ಅವರು ಈ ಕಾಗದದಿಂದ ಎಂಜಿನ್ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ಒರೆಸುವ ಭಯವಿರುವ ಕಾರಣ, ಬಹಿರಂಗವಾಗಿ ಬರೆಯಬೇಕಾಗಿದೆ. ಕ್ಷಮಿಸಬೇಕು.

ನಮ್ಮದು ಚಿಕ್ಕ ಕಾರು ಎಂಬುದನ್ನು ತಾವು ಬಲ್ಲಿರಿ. ಅದರಲ್ಲಿ ಐದು ಜನ ಕೂರಬಹುದೆಂದು ಕಂಪನಿಯವರು ಬರೆದಿದ್ದಾರೆ. ಆ ಐವರೂ ಪರಸ್ಪರ ಮಾತಾಡುವವರಾಗಿರಬೇಕೆಂದು ಬರೆಯುವುದನ್ನು ಮರೆತಿದ್ದಾರೆ. ನಮ್ಮ ಮನೆಯಲ್ಲಿರುವುದು ನಾಲ್ವರು: ನಾನು, ಕಾಲೇಜಿನಲ್ಲಿ ಭೂಗೋಳ ಕಲಿಸುವ ನನ್ನ ಹೆಂಡತಿ, ನನ್ನ ಅಮ್ಮ, ಮತ್ತು ನನ್ನ ಹೆಂಡತಿಯ ಅಮ್ಮ, ಅಂದರೆ ನನ್ನ ಅತ್ತೆ. ಕಾರು ಮನೆಗೆ ಬಂದ ಹೊಸತರಲ್ಲಿ, ನನ್ನ ಪಕ್ಕದ ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂಬ ಪ್ರಶ್ನೆ ಬಂದಾಗ ಬೀಗಿತ್ತಿಯರಿಬ್ಬರೂ ದೊಡ್ಡ ಮನಸ್ಸು ಮಾಡಿ "ನೀವೇ ಕೂತ್ಕೊಳ್ಳಿ" ಎಂದು ಒಬ್ಬರಿಗೊಬ್ಬರು ಹೇಳಿದರು. ಎದುರಿನವರು ಆ "ನೀವೇ" ಎಂಬುದನ್ನು ಎಳೆದ ರೀತಿ ಸರಿಯಿರಲಿಲ್ಲವೆಂದು ಇಬ್ಬರಿಗೂ ಏಕಕಾಲಕ್ಕೆ ಅನ್ನಿಸಿತು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಅಂದಿನಿಂದ ಇಬ್ಬರೂ ಹಿಂದಿನ ಸೀಟಿನ ಎರಡು ತುದಿಗಳಲ್ಲಿ, ನಡುವೆ ನೀರಿನ ಫ್ಲಾಸ್ಕು, ಛತ್ರಿ, ಔಷಧಿಯ ಚೀಲಗಳನ್ನೊಳಗೊಂಡ ಒಂದು ಗಡಿಯನ್ನು ಕಟ್ಟಿಕೊಂಡು, ತಂತಮ್ಮ ಕಿಟಕಿಯ ಕಡೆಗೆ ಮುಖ ಮಾಡಿ ಪ್ರಯಾಣಿಸತೊಡಗಿದರು. ಮುಂದಿನ ಸೀಟು ಖಾಲಿ. ಅದರಲ್ಲಿ ಹೆಂಡತಿ ಕೂತರೆ ಇಬ್ಬರಿಗೂ ಅವಮಾನವಾಗುವುದರಿಂದ ಅವಳು ಬಸ್ಸಿನಲ್ಲಿ ಬರುತ್ತಿದ್ದಳು.

ಭಾರವೆಲ್ಲ ಹಿಂದೆ, ಮುಂದೆ ನಾನೊಬ್ಬ ಒಣಕಲ. ಹೀಗಾಗಿ ನಮ್ಮ ಕಾರು ಸದಾ ಮೂಗೆತ್ತಿಕೊಂಡು, ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಓಡಾಡಿತು. ರಸ್ತೆಯ ಪ್ರತಿಯೊಂದು ಹಂಪಿನ ಮೇಲೂ ತಳದಿಂದ ಕರ್‍ರೆಂದು ಬರುವ ಸದ್ದು ನನ್ನ ಕ್ಲಿನಿಕ್ಕಿನಲ್ಲಿ ರೋಗಿಗಳು ಕೇಳಿ ಎದ್ದು ಓಡುವ ಸದ್ದಿನಂತೆಯೇ ಇತ್ತು. ಹಿಂದಿನಿಂದ ಎರಡು ನಿಟ್ಟುಸಿರು ಕೇಳುತ್ತಿದ್ದವು.

ಮನೆಯಲ್ಲಿಯೂ ಹೀಗೆಯೇ ಇತ್ತು. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗುವರು. ಕೊನೆಗೆ ಸಾಕಾಗಿ ನನ್ನ ಹೆಂಡತಿ ಎದುರು ಬೀದಿಯಲ್ಲಿ ಇನ್ನೊಂದು ಬಾಡಿಗೆ ಮನೆ ನೋಡಿದಳು. ಅವಳ ಅಮ್ಮನೊಡನೆ ಅವಳು ಅಲ್ಲಿ, ನನ್ನ ಅಮ್ಮನೊಡನೆ ನಾನು ಇಲ್ಲಿ, ರಜೆಯ ದಿನ ನಾವಿಬ್ಬರೂ ಬೀದಿಯ ನಡುವೆ ಎಲ್ಲಾದರೂ ಭೇಟಿಯಾಗುವುದು ಎಂದು ತೀರ್ಮಾನವಾಯಿತು. ಇದನ್ನು ಅವಳು ನಕ್ಷೆ ಬರೆದು ವಿವರಿಸಿದಳು. ನಾನು ಆಗಲಿ ಎಂದೆ. ಆಗದು ಎನ್ನಬೇಕಿತ್ತು, ಆದರೆ ಹಾಗನ್ನುವುದು ಹೇಗೆಂದು ತಿಳಿಯಲಿಲ್ಲ. ಮನೆಯ ಮಾಲೀಕರಿಗೆ ಸಂಜೆಯೊಳಗೆ ಉತ್ತರ ಹೇಳಬೇಕಿದ್ದ ದಿನವೇ, ತಾಯಂದಿರಿಬ್ಬರನ್ನೂ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯುತ್ತ ದಾರಿಯಲ್ಲಿ ಈ ವಿಷಯ ತಿಳಿಸುವ ಹೊಣೆ ನನ್ನ ಮೇಲೆ ಬಿತ್ತು. ದಾರಿಯಲ್ಲಿ ನನಗೆ ಧೈರ್ಯ ಬರಲಿಲ್ಲ, ಗ್ಯಾರೇಜು ಬಂತು. ಕಾರಿನ ತಳ ಪರೀಕ್ಷೆ ಮಾಡಿಸಿ, ತುಕ್ಕು ಹಿಡಿಯದಂತೆ ಕಪ್ಪು ಕೋಟಿಂಗ್ ಹಾಕಿಸುವುದು ತೀರಾ ಅಗತ್ಯವೆಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು.

ಇನ್ನು ಮುಂದಿನದರಲ್ಲಿ ತಾವೇ ಭಾಗಿ.

ಕಾರನ್ನು ತಮ್ಮ ಕಂಬಗಳ ನಡುವೆ ನಿಲ್ಲಿಸಿ, "ಇಳೀರಿ, ನೆರಳಲ್ಲಿ ಕೂತ್ಕೊಳ್ಳಿ" ಎಂದು ಹಿಂದಕ್ಕೆ ಹೇಳಿ ನಾನು ಕೋಟಿಂಗಿನ ಬಗ್ಗೆ ವಿಚಾರಿಸಲು ಕಚೇರಿಯೊಳಗೆ ಹೋದೆ. ಅವರು ಇಳಿಯಲಿಲ್ಲ. ಅತ್ತೆ ಮೊದಲು ಇಳಿಯಲಿ ಎಂದು ಅಮ್ಮ, ಅಮ್ಮ ಮೊದಲು ಇಳಿಯಲಿ ಎಂದು ಅತ್ತೆ, ಹಾಗೇ ಕೂತರು. ಹಿಂದಿನ ಕಿಟಕಿಗಳಿಗೆ ಬಿಸಿಲಿನ ಪರದೆಯಿತ್ತು. ಒಳಗಿನಿಂದ ಒಂದು ಮಾತೂ ಇಲ್ಲ. ಇಬ್ಬರು ಹೆಂಗಸರು ಕೂತಿರುವ ಕಾರು ಇಷ್ಟು ನಿಶ್ಶಬ್ದವಾಗಿರಲು ಸಾಧ್ಯವೆಂದು ಮೇಸ್ತ್ರಿ ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವರು ತಮ್ಮ ಕಂಬದ ಗುಂಡಿ ಒತ್ತಿದರು. ತಾವು ಎತ್ತಿದಿರಿ. ನಾನು ಹೊರಗೆ ಬಂದು, ನಮ್ಮ ಕಾರಿನ ಪರದೆ ಸರಿದು, ಮೇಲಿನಿಂದ ಎರಡು ಮುಖಗಳು ಎರಡು ಕಡೆಯ ಕಿಟಕಿಗಳಲ್ಲಿ ಇಣುಕುವುದನ್ನು ಕಂಡ ಗಳಿಗೆಯಲ್ಲೇ ಕರೆಂಟು ಹೋಯಿತು.

ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡರು. "ಇಳ್ಸಿ, ಇಳ್ಸಿ" ಎಂದು ನಾನು ಕೂಗಿದೆ. ಆಗ ತಮ್ಮ ಸ್ವಭಾವದ ಒಂದು ಅಪೂರ್ವ ಗುಣ ನನಗೆ ತಿಳಿದುಬಂತು. "ಕೊಂಡಿ ಕೂತ್ಬಿಟ್ಟಿದೆ ಡಾಕ್ಟ್ರೇ. ಅದು ಬಿಡ್ಬೇಕಂದ್ರೆ ಮೊದ್ಲು ಚೂರು ಮೇಲೆ ಹೋಗ್ಬೇಕು, ಆಮೇಲೆ ಕೆಳಗೆ. ಮೇಲೆ ಹೋಗೋಕೆ ಕರೆಂಟ್ ಬೇಕು" ಎಂದರು ಮೇಸ್ತ್ರಿ. ಇಳಿಯಬೇಕಾದವರು ಮೊದಲು ಏರಬೇಕೆಂಬ ಈ ನಿಯಮವನ್ನು ರಚಿಸಿದ ಮಹಾನುಭಾವರು ಯಾರೋ, ಅವರಿಗೆ ನನ್ನದೊಂದು ಪ್ರತ್ಯೇಕ ನಮಸ್ಕಾರ. ಏಣಿ ಇತ್ತು, ಆದರೆ ಅಮ್ಮನ ಮಂಡಿಗೂ ಅತ್ತೆಯ ತಲೆಸುತ್ತಿಗೂ ಏಣಿ ಆಗಿಬರುವುದಿಲ್ಲ.

ಅಷ್ಟರಲ್ಲಿ ಹೆಂಡತಿಯ ಫೋನು. "ಹೇಳಿದ್ರಾ? ಮಾಲೀಕರು ಕಾಯ್ತಿದ್ದಾರೆ. ಎಲ್ಲಿ ಅವ್ರಿಬ್ರೂ?" ಗಾಬರಿಯಲ್ಲಿದ್ದ ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ: "ಇಬ್ರೂ ಮೇಲೆ ಹೋಗ್ಬಿಟ್ರು ಕಣೇ." ಆ ಕಡೆಯಿಂದ ಬಂದ ಚೀತ್ಕಾರವನ್ನು ಇಲ್ಲಿ ಬರೆಯಲಾರೆ. "ಒಟ್ಟಿಗೇನಾ?" ಎಂದು ಅವಳು ಬಿಕ್ಕಿದಳು. "ಹೂಂ, ಒಟ್ಟಿಗೇ. ಇಲ್ಲೇ ಗ್ಯಾರೇಜಲ್ಲಿ, ನನ್ನ ಕಣ್ಣೆದುರಿಗೇ" ಎಂದೆ. ಫೋನು ಕಡಿದುಹೋಯಿತು. ಪಾಪ, ಪಾಠವನ್ನು ಅರ್ಧಕ್ಕೇ ಬಿಟ್ಟು, ತರಗತಿಯ ಭೂಪಟವನ್ನು ಕೈಯಲ್ಲಿ ಹಿಡಿದುಕೊಂಡೇ, ಅಳುತ್ತ ಆಟೋದಲ್ಲಿ ಬಂದಿಳಿದವಳಿಗೆ ಮೃತರಿಬ್ಬರೂ ಕಿಟಕಿಯಿಂದ ಕೈಬೀಸಿದರು. ನನಗೆ ಭೂಪಟದಿಂದ ಎರಡು ಏಟು ಬಿತ್ತು.

ಹೇಗೂ ಎತ್ತಿದ್ದಾಗಿದೆ, ಸುಮ್ಮನೆ ನಿಲ್ಲುವ ಬದಲು ತಳವನ್ನಾದರೂ ನೋಡಿಬಿಡೋಣ ಎಂದು ಮೇಸ್ತ್ರಿ ಟಾರ್ಚು ಹಿಡಿದು ನನ್ನನ್ನು ಕೆಳಗೆ ಕರೆದೊಯ್ದರು. ಮಹೋದಯರೇ, ನಾನು ದಿನವೂ ಜನರ ಮೇಲ್ದವಡೆಯನ್ನು ನೋಡುವವನು. ನನ್ನ ಕಾರಿನ ತಳ ಥೇಟ್ ಹಾಗೆಯೇ ಕಂಡಿತು: ಉದ್ದಕ್ಕೂ ನಿರ್ಲಕ್ಷ್ಯ, ಮೂಲೆಗಳಲ್ಲಿ ಗಟ್ಟಿಯಾಗಿ ಕೂತ ಕೊಳೆ, ಸೈಲೆನ್ಸರಿನ ಸುತ್ತ ಕೆಂಪಗೆ ಕೆರಳಿದ ತುಕ್ಕು. "ಮೊದ್ಲೇ ಬರ್ಬೇಕಿತ್ತು ಡಾಕ್ಟ್ರೇ, ನೋವು ಬರೋವರ್ಗೂ ಕಾಯ್ಬಾರ್ದು" ಎಂದು ಮೇಸ್ತ್ರಿ, ನಾನು ಎಲ್ಲರಿಗೂ ಹೇಳುವುದನ್ನೇ, ನಾನು ಹೇಳುವ ಧಾಟಿಯಲ್ಲಿಯೇ ಹೇಳಿದರು. ಹಿಂದಿನವರು ಕಾಲಿಡುವ ಜಾಗದ ಕೆಳಗೆ ತಗಡು ಉಬ್ಬಿತ್ತು. ಗಟ್ಟಿಯಿದೆಯೇ ಎಂದು ಅವರು ಸ್ಕ್ರೂಡ್ರೈವರಿನಿಂದ ಒತ್ತಿದರು. ಅದು ಸರಕ್ಕನೆ ಒಳಗೇ ಹೋಯಿತು. ಮೇಲಿನಿಂದ "ಅಯ್ಯೋ, ನನ್ನ ಚಪ್ಲಿ!" ಎಂದು ಅಮ್ಮನ ದನಿ ಕೇಳಿತು. ತುಕ್ಕು ಉದುರಿ ಬಿಸ್ಕತ್ತಿನಷ್ಟಗಲದ ತೂತಾಯಿತು.

ಆ ತೂತಿನಿಂದ ನಾನು, ನನ್ನ ಹೆಂಡತಿ, ಮೇಸ್ತ್ರಿ ಮೂವರೂ ಮೇಲಿನದೆಲ್ಲವನ್ನೂ ಕೇಳಿಸಿಕೊಂಡೆವು. ಮೊದಲು ಅತ್ತೆಯ ದನಿ, ಯಾರಿಗೂ ಅಲ್ಲವೆಂಬಂತೆ: "ಆ ಬೀರು ಮೇಲೆ ಧೂಳು ನೋಡ್ಬೇಕು, ದೇವ್ರೇ." ಅಷ್ಟೆತ್ತರದಿಂದ ಗ್ಯಾರೇಜಿನ ಬೀರುಗಳ ನೆತ್ತಿ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಧೂಳಿನ ವಿಷಯದಲ್ಲಿ ಅಮ್ಮ ಸುಮ್ಮನಿರಬಲ್ಲವಳಲ್ಲ. "ಧೂಳಾ ಅದು? ಕಂಬಳಿ ಹೊದ್ಸಿದ ಹಾಗಿದೆ" ಎಂದಳು. "ಮುಟ್ಟೇ ಇಲ್ಲ ಯಾರೂ" ಎಂದರು ಅತ್ತೆ. "ಗಂಡಸ್ರಿರೋ ಜಾಗ ಬೀಗ್ರೇ, ಇನ್ನೇನು." ಬೀಗ್ರೇ! ನನ್ನ ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೀರುವಿನ ಮೇಲೆ ಒಂದು ಸ್ಪ್ಯಾನರ್ ಬಿದ್ದಿದೆಯೆಂದು ಮೇಸ್ತ್ರಿಗೆ ತಿಳಿಸಿದರು. ಅದು ಕಳೆದಿದ್ದಕ್ಕೆ ಸ್ವಂತ ತಮ್ಮನನ್ನೇ ಕೆಲಸದಿಂದ ಓಡಿಸಿದ್ದ ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದುಕೊಂಡು, ತಮ್ಮನಿಗೆ ಫೋನು ಮಾಡಲೋ ಬೇಡವೋ ಎಂದು ಮೂಲೆಯಲ್ಲಿ ನಿಂತುಬಿಟ್ಟರು.

ಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು. ಒಬ್ಬರು ನೀರು ಕುಡಿದು ಇನ್ನೊಬ್ಬರಿಗೆ ಕೊಟ್ಟ ಸದ್ದು. ಆಮೇಲೆ ಅಮ್ಮ ಹೇಳಿದಳು: "ನಿಮ್ಮ ಮಗಳು ಎದುರು ಬೀದೀಲಿ ಮನೆ ನೋಡಿದ್ದಾಳೆ."

"ಗೊತ್ತು. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಳೆ."

"ಹೋಗ್ತೀರಾ?"

"ಹೋಗಿ ಏನ್ ಮಾಡ್ಲಿ ಬೀಗ್ರೇ? ಅಲ್ಲಿ ನಾನೊಬ್ಳೇ ಕೂತು ಯಾರ ಹತ್ರ ಮಾತು ಬಿಡ್ಲಿ?"

ಮಹೋದಯರೇ, ತಾವು ಉಕ್ಕಿನವರು, ತಮಗೆ ಏನೂ ಆಗಿರಲಿಕ್ಕಿಲ್ಲ. ಕೆಳಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಸೈಲೆನ್ಸರನ್ನು ನೋಡುತ್ತ ನಿಂತೆವು.

"ಎಲ್ಲ ನನ್ನ ಮಗಂದೇ ತಪ್ಪು" ಎಂದಳು ಅಮ್ಮ. "ಊರೋರ ಬಾಯಿಗೆಲ್ಲ ಕೈ ಹಾಕ್ತಾನೆ, ಮನೇಲಿ ಮಾತ್ರ ತನ್ನ ಬಾಯಿ ಬಿಡಲ್ಲ. ಅಮ್ಮ, ನೀನು ಹಿಂದೆ ಕೂತ್ಕೋ ಅಂತ ಅವತ್ತೇ ಒಂದು ಮಾತು ಅಂದಿದ್ರೆ ಕೂತ್ಕೋತಿರ್ಲಿಲ್ವಾ ನಾನು?" "ಛೆ, ಅವ್ರು ಒಳ್ಳೇವ್ರು. ನನ್ನ ಮಗಳೇ ಮೊಂಡಿ" ಎಂದರು ಅತ್ತೆ. "ಮೊಂಡಿ ಅಲ್ಲಪ್ಪ, ಬಂಗಾರದಂಥ ಹುಡುಗಿ" ಎಂದಳು ಅಮ್ಮ. ಹೀಗೆ ತಮ್ಮ ತಮ್ಮ ಮಕ್ಕಳನ್ನು ಬೈಯುತ್ತ, ಬೀಗಿತ್ತಿಯ ಮಕ್ಕಳನ್ನು ಹೊಗಳುತ್ತ ಅವರು ಬಹಳ ದೂರ ಹೋದರು. ತಡೆಯಲಾರದೆ ನನ್ನ ಹೆಂಡತಿ ತೂತಿಗೆ ಬಾಯಿಟ್ಟು, "ಅಮ್ಮಾ, ನಾವು ಕೆಳಗೇ ಇದ್ದೀವಿ!" ಎಂದು ಕೂಗಿದಳು.

"ಗೊತ್ತು ಕಣಮ್ಮ" ಎಂದಳು ನನ್ನ ಅಮ್ಮ. "ಆಗ್ಲಿಂದ ನಿನ್ನ ಗಂಡನ ಬೋಳು ತಲೆ ಕಾಣ್ತಾ ಇದೆ."

ಕರೆಂಟು ಬಂತು. ತಾವು ಅವರನ್ನು ಗೇಣಷ್ಟು ಮೇಲೆತ್ತಿ, ಆಮೇಲೆ ಹೂವಿನಂತೆ ಇಳಿಸಿದಿರಿ. ಹೆಂಡತಿ ಅಲ್ಲಿಯೇ ಮಾಲೀಕರಿಗೆ ಫೋನು ಮಾಡಿ ಮನೆ ಬೇಡವೆಂದಳು. ತೂತಿಗೆ ತಗಡು ಹಚ್ಚಿ, ತಳಕ್ಕೆಲ್ಲ ಕೋಟಿಂಗ್ ಬಳಿದದ್ದಾಯಿತು. ಮನೆಗೆ ಬರುವಾಗ ಮುಂದಿನ ಸೀಟಿನಲ್ಲಿ ಹೆಂಡತಿ ಕೂತಳು. ಹಿಂದಿನವರು ಬೀರುವಿನ ಧೂಳಿನಿಂದ ಹಿಡಿದು ಲೋಕದ ಸಮಸ್ತ ವಿಷಯಗಳನ್ನೂ ಮಾತಾಡುತ್ತಿದ್ದರು.

ಇದಕ್ಕೆ ದೂರೇಕೆ ಎಂದು ತಾವು ಕೇಳಬಹುದು. ಮೊದಲು ಅಮ್ಮ ನನ್ನ ಕಾಫಿಗೆ ಸಕ್ಕರೆ ಕಡಿಮೆ ಮಾಡಿದರೆ ಅತ್ತೆ ಹಟಕ್ಕೆ ಒಂದು ಚಮಚ ಹೆಚ್ಚಿಗೆ ಹಾಕಿ ಕೊಡುತ್ತಿದ್ದರು. ಅತ್ತೆ ಟೀವಿ ಆರಿಸಿ ಎಂದರೆ ಅಮ್ಮ ಹಚ್ಚುತ್ತಿದ್ದಳು. ಇಬ್ಬರ ನಡುವೆ ನಾನೊಬ್ಬ ಸ್ವತಂತ್ರ ಪ್ರಜೆಯಾಗಿ ಬಾಳಿದೆ. ಈಗ ನಮ್ಮ ಮನೆಯಲ್ಲಿ ವಿರೋಧ ಪಕ್ಷವೇ ಇಲ್ಲ. ಸಕ್ಕರೆ ಪೂರ್ತಿ ನಿಂತಿದೆ. ಸ್ಟೂಲು ಹತ್ತಿಸಿ ಮನೆಯ ಬೀರುಗಳ ನೆತ್ತಿಯನ್ನೆಲ್ಲ ನನ್ನಿಂದ ಒರೆಸಿದ್ದಾಗಿದೆ. ಮೊನ್ನೆ ಇಬ್ಬರೂ ಕ್ಲಿನಿಕ್ಕಿಗೂ ಬಂದು, ಬಾಯಿ ತೆರೆದು ಮಲಗಿದ್ದ ರೋಗಿಯೊಬ್ಬರನ್ನು ಹಾಗೆಯೇ ಕಾಯಿಸಿ, ಎಕ್ಸ್‌ರೇ ಯಂತ್ರದ ಮೇಲೆ ಬೆರಳಾಡಿಸಿ ಧೂಳು ನೋಡಿದರು. ಊಟಕ್ಕೆ ಕೂತರೆ "ಬಾಯಿ ಬಿಡು, ಏನಾದ್ರೂ ಮಾತಾಡು" ಎಂದು ಎರಡೂ ಕಡೆಯಿಂದ ಅಪ್ಪಣೆ. ನಾನು ಹವಾಮಾನದ ಬಗ್ಗೆ ಮಾತಾಡಿದರೆ ಒಪ್ಪುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ. ದಯಮಾಡಿ ಅವರಿಬ್ಬರನ್ನೂ ಇನ್ನೊಮ್ಮೆ ಎತ್ತಿ, ಸಕ್ಕರೆಯ ಮಟ್ಟಿಗಾದರೂ ಒಂದು ಸಣ್ಣ ಭಿನ್ನಾಭಿಪ್ರಾಯ ಉಳಿಸಿ ಇಳಿಸಬೇಕು. ಅದು ತಮ್ಮ ಶಕ್ತಿಗೆ ಮೀರಿದ್ದಾದರೆ, ಯಾವುದಾದರೊಂದು ಮಧ್ಯಾಹ್ನ ನನ್ನನ್ನೂ ನನ್ನ ಹೆಂಡತಿಯನ್ನೂ ಆ ಕಾರಿನಲ್ಲಿ ಕೂರಿಸಿ, ಅಷ್ಟೇ ಎತ್ತರಕ್ಕೆ ಎತ್ತಿ, ವಿದ್ಯುತ್ ಇಲಾಖೆಯವರೊಂದಿಗೆ ಮಾತಾಡಿಕೊಂಡು ಕರೆಂಟು ತೆಗೆಸಬೇಕು. ಅವಳು ಬೇರೆ ಮನೆಯ ನಕ್ಷೆ ಬರೆದು ತೋರಿಸಿದ ದಿನ ನಾನು ಹೇಳಬೇಕಾಗಿದ್ದ ಮಾತೊಂದು ಇನ್ನೂ ಗಂಟಲಲ್ಲೇ ಇದೆ. ನೆಲದ ಮೇಲೆ ಅದು ಹೊರಗೆ ಬರುತ್ತಿಲ್ಲ.

ತಮ್ಮ ಕೆಳಗೆ ನಿಂತು ಕತ್ತು ಉಳುಕಿಸಿಕೊಂಡ,
ತಮ್ಮ ವಿಶ್ವಾಸಿ,
ಒಬ್ಬ ದಂತವೈದ್ಯ

ವಿ.ಸೂ.: ಲೋಕದ ಕಾರುಗಳ ತಳವನ್ನೆಲ್ಲ ಎತ್ತಿ ತೋರಿಸುವ ತಮ್ಮ ಬುಡವನ್ನು ಯಾರೂ ನೋಡಿದಂತಿಲ್ಲ. ಹೊರಡುವಾಗ ಬಗ್ಗಿ ನೋಡಿದೆ: ಎಡಗಂಬದ ಬೇರಿನಲ್ಲಿ ತುಕ್ಕು ಶುರುವಾಗಿದೆ, ಬೋಲ್ಟು ಅಲ್ಲಾಡುತ್ತಿದೆ. ಕೂಡಲೇ ತೋರಿಸಿಕೊಳ್ಳಿ. ತಡಮಾಡಿದರೆ ಕೀಳಬೇಕಾಗುತ್ತದೆ.