ಲಾಟು ನಂಬರ್ ಹದಿನೇಳರ ಗೌಪ್ಯತೆ

ಬ್ಯಾಡಗಿಯ ಕೆಂಪುಸಿರಿ ಮೆಣಸಿನಪುಡಿ ಕಾರ್ಖಾನೆಯಲ್ಲಿ ನೌಕರರ ವೈದ್ಯಕೀಯ ವರದಿಗಳನ್ನು ಅತ್ಯಂತ ಗೌಪ್ಯವಾಗಿ ಇಡಲಾಗುತ್ತದೆ. ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ವರದಿಯಲ್ಲಿ ಏನಿದೆ ಎಂಬುದೂ ಗೊತ್ತು.

ಪದ್ಧತಿ ಶುರುವಾದದ್ದು ರಾಣೆಬೆನ್ನೂರಿನ ಮುಸ್ತಾಕನಿಂದ. ಬಿ.ಎಸ್ಸಿ. ಮುಗಿಸಿದ್ದ ಅವನು ಪುಡಿಯ ಬಣ್ಣ ಪರೀಕ್ಷಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದ. ಪುಡಿ ಕೊಳ್ಳುವ ವಿದೇಶಿ ಕಂಪನಿ ಆಗಷ್ಟೇ ಎರಡು ಷರತ್ತು ಕಳಿಸಿತ್ತು. ಕೆಲಸಕ್ಕೆ ಸೇರುವವರು ಅಮಲು ಪದಾರ್ಥ ಸೇವಿಸುತ್ತಾರೋ ಇಲ್ಲವೋ ಪರೀಕ್ಷಿಸಬೇಕು, ಫಲಿತಾಂಶ ಗೌಪ್ಯವಾಗಿರಬೇಕು. ಮುಸ್ತಾಕ ಹಾವೇರಿಯ ಒಂದು ಪ್ರಯೋಗಾಲಯಕ್ಕೆ ಹೋಗಿ ಬಾಟಲಿಯಲ್ಲಿ ಮೂತ್ರ ಕೊಟ್ಟ. ಜೊತೆಗೊಂದು ಫಾರ್ಮು ತುಂಬಬೇಕಿತ್ತು. ‘ಈಗ ಬಳಸುತ್ತಿರುವ ಔಷಧಿ’ ಎಂಬಲ್ಲಿ ಅವನ ಪೆನ್ನು ತುಸು ನಿಂತಿತು. ಮೇಲೆ, ಕೆಳಗೆ, ಬದಿಗೆ, ಮೂರು ಕಡೆ ‘ಗೌಪ್ಯ’ ಎಂದು ಅಚ್ಚಾಗಿದ್ದುದನ್ನು ನೋಡಿ ಧೈರ್ಯ ಬಂದು, ಹೆತ್ತವ್ವನಿಗೂ ಹೇಳದ್ದನ್ನು ಬರೆದ: ಮೂಲವ್ಯಾಧಿಯ ಮುಲಾಮು, ದಿನಕ್ಕೆರಡು ಸಲ.

ಈ ಮಾತು ಒಬ್ಬರ ಕಿವಿಗೆ ಮಾತ್ರ ಬೀಳಬಾರದಿತ್ತು. ಮುಂದಿನ ತಿಂಗಳು ಅವನ ಮದುವೆ. ಹುಡುಗಿ ಸಲ್ಮಾ. ಅವಳ ತಂದೆ ಕುತುಬುದ್ದೀನ ಸಾಹೇಬರು ಬ್ಯಾಡಗಿಯಲ್ಲಿ ಮೂರು ತಲೆಮಾರಿನ ಮೆಣಸಿನಕಾಯಿ ದಲಾಲರು. ಖಾರಕ್ಕೆ ಹೆದರುವ ಗಂಡಸಿಗೆ ಮಗಳನ್ನಷ್ಟೇ ಅಲ್ಲ, ಕೂರಲು ಕುರ್ಚಿಯನ್ನೂ ಕೊಡಬಾರದು ಎನ್ನುವವರು. ನಿಶ್ಚಯದ ದಿನ ಎದುರಿಗೆ ಕೂತು ಅಳಿಯನಾಗುವವನಿಗೆ ಏಳು ಮಿರ್ಚಿ ಭಜಿ ತಿನ್ನಿಸಿ, ನೀರು ಕೇಳುತ್ತಾನೋ ಎಂದು ಕಾದಿದ್ದರು. ಮುಸ್ತಾಕ ಕೇಳಲಿಲ್ಲ. ನಗುನಗುತ್ತ ಏಳನ್ನೂ ತಿಂದು, ಖಾಲಿ ಬಸ್ಸಿನಲ್ಲಿ ರಾಣೆಬೆನ್ನೂರಿನ ತನಕ ನಿಂತೇ ಹೋಗಿದ್ದ.

ಪ್ರಯೋಗಾಲಯದಿಂದ ಬಾಯಿ ಅಂಟಿಸಿದ ಲಕೋಟೆಯೂ ಅದಕ್ಕೆ ಪಿನ್ನು ಹೊಡೆದ ಫಾರ್ಮೂ ಕಾರ್ಖಾನೆಯ ಮ್ಯಾನೇಜರ್ ವಿರೂಪಾಕ್ಷಪ್ಪನವರ ಮೇಜಿಗೆ ಬಂದವು. ವಿರೂಪಾಕ್ಷಪ್ಪನವರು ಮೂವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ದುಡಿದವರು. ಪೇಟೆಯಲ್ಲಿ ಗೌಪ್ಯತೆಗೆ ಒಂದೇ ಅರ್ಥ. ಪ್ರತಿ ರಾಶಿಗೂ ಒಂದು ಲಾಟು ನಂಬರು. ಖರೀದಿದಾರರು ದರವನ್ನು ಗುಟ್ಟಾಗಿ ಬರೆಯುತ್ತಾರೆ. ಹೊತ್ತಾಗುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಹೊತ್ತಾದ ಮೇಲೆ ಎಲ್ಲರಿಗೂ ಕೇಳುವಂತೆ ಕೂಗಲಾಗುತ್ತದೆ. ಅದರಂತೆ ಕಾರ್ಖಾನೆಯ ಗೇಟಿಗೆ ಪ್ರಕಟಣೆ ಅಂಟಿತು: ‘ಲಾಟು ನಂಬರ್ ೧೭, ಮುಸ್ತಾಕ್, ರಾಣೆಬೆನ್ನೂರು. ಸದರಿಯವರ ಆರೋಗ್ಯ ವಿವರ ಗುರುವಾರ ಮಧ್ಯಾಹ್ನ ಮೂರರವರೆಗೆ ಕಟ್ಟುನಿಟ್ಟಾಗಿ ಗೌಪ್ಯ. ಮೂರಕ್ಕೆ ಧ್ವನಿವರ್ಧಕದಲ್ಲಿ ಓದಲಾಗುವುದು.’

ಮುಸ್ತಾಕ ಓಡಿ ಬಂದ. ತನ್ನ ಫಾರ್ಮನ್ನು ತನಗಾದರೂ ವಾಪಸು ಕೊಡಿರೆಂದು ಕೇಳಿಕೊಂಡ.

“ನಿಮ್ಗ ಹೆಂಗ ಕೊಡಾಕ ಬರ್ತೈತ್ರಿ?” ಎಂದರು ವಿರೂಪಾಕ್ಷಪ್ಪನವರು. “ನೀವು ಹೊರಗ ಹೋಗಿ ಯಾರಿಗರೆ ಹೇಳಿಬಿಟ್ರ? ಗೌಪ್ಯ ಐತದು.”

“ಹಂಗಾರ ಕೂಗಬ್ಯಾಡ್ರಿ, ಸರ.”

“ಕೂಗಲಿಲ್ಲಂದ್ರ ಒಳಗ ಏನೋ ಗೋಲ್‌ಮಾಲ್ ಐತಿ ಅಂತಾರ ಮಂದಿ. ಲಾಟು ಮುಚ್ಚಿಟ್ರು ಅಂತ ಇವತ್ತಿನ ತನಕ ನನಗ ಯಾರೂ ಅಂದಿಲ್ಲ.”

ಆದರೂ ಹುಡುಗನ ಮುಖ ನೋಡಿ ಅವರ ಮನಸ್ಸು ಕರಗಿತು. ಇನ್ನೂ ಬಿಗಿಯಾದ ಗೌಪ್ಯತೆ ಬೇಕೆಂದರೆ ತಮ್ಮ ಅಜ್ಜನ ಕಾಲದ ವಸ್ತ್ರದ ವ್ಯವಹಾರವೇ ಸರಿ ಎಂದರು. ಆಗ ದಲಾಲರು ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರಡಿ ಬೆರಳು ಹಿಡಿದು ದರ ಹೇಳುತ್ತಿದ್ದರು, ಪಕ್ಕದವನಿಗೂ ತಿಳಿಯುತ್ತಿರಲಿಲ್ಲ. ಪ್ರಕಟಣೆ ತಿದ್ದುಪಡಿಯಾಯಿತು. ಧ್ವನಿವರ್ಧಕ ರದ್ದು. ಸಂಬಂಧಪಟ್ಟವರು ಒಬ್ಬೊಬ್ಬರಾಗಿ ಬಂದು ವಸ್ತ್ರದಡಿ ಕೈ ಇಟ್ಟು ತಿಳಿದುಕೊಳ್ಳತಕ್ಕದ್ದು. ‘ಸಂಬಂಧಪಟ್ಟವರು’ ಎಂದರೆ ಅಭ್ಯರ್ಥಿಯ ಬಂಧುಗಳು, ಬಂಧುಗಳಾಗಲಿರುವವರು ಹಾಗೂ ಇವರ ಪೈಕಿ ಯಾರೊಡನಾದರೂ ಚಹಾ ಕುಡಿದವರು. ಗೊಂದಲವಾಗದಿರಲೆಂದು ಕೆಳಗೆ ವಿವರಣೆ: ಒಂದು ಬೆರಳು, ನಿರೋಗಿ. ಎರಡು, ಬಿಪಿ. ಮೂರು, ಸಕ್ಕರೆ. ನಾಲ್ಕು, ನಿದ್ದೆ ಗುಳಿಗೆ. ಐದು, ಕೂರಲು ಬಾರದ ಕಾಯಿಲೆ.

ಗುರುವಾರ ಪೇಟೆಯ ದಿನ. ಮೋಟೆಬೆನ್ನೂರಿನಿಂದ ಮೆಣಸಿನಕಾಯಿ ತಂದವರೂ ಚೀಲ ಇಳಿಸಿ ಪಾಳಿಗೆ ನಿಂತರು. ಎಲ್ಲರೂ ಚಹಾ ಕುಡಿದೇ ಬಂದಿದ್ದರು. ಐದನೆಯವರಾಗಿ ನಿಂತಿದ್ದವರು ಕುತುಬುದ್ದೀನ ಸಾಹೇಬರು. ಮುಸ್ತಾಕ ಗೋಡೆಗೆ ಒರಗಿ ನಿಂತ. ಕುಂದ್ರಿ ಎಂದು ಯಾರೋ ಕುರ್ಚಿ ತಂದಿಟ್ಟರೂ ಕೂರಲಿಲ್ಲ. ಪಾಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾಹೇಬರ ಕೈ ಕೆಂಪು ವಸ್ತ್ರದೊಳಗೆ ಹೋಯಿತು. ವಿರೂಪಾಕ್ಷಪ್ಪನವರು ಐದೂ ಬೆರಳು ಹಿಡಿದರು. ಮುಸ್ತಾಕನಿಗೆ ಸಲ್ಮಾ, ಮದುವೆ, ಏಳು ಭಜಿ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಸಾಹೇಬರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಲವತ್ತು ವರ್ಷ ದಲಾಲಿ ಮಾಡಿದವರು. ಆದರೆ ಕೈ ಹೊರಬರಲಿಲ್ಲ. ನಿಯಮ ಮೀರಿ ಅಲ್ಲೇ ಉಳಿಯಿತು. ಒಳಗೆ ಏನೋ ವ್ಯವಹಾರ ನಡೆಯಿತು. ವಿರೂಪಾಕ್ಷಪ್ಪನವರ ಹುಬ್ಬು ಮೇಲೇರಿತು, ಆಮೇಲೆ ಕಣ್ಣಲ್ಲಿ ನೀರಾಡಿತು. ಸಾಹೇಬರು ತಮ್ಮದೂ ಅದೇ ಎಂದು ಐದು ಹಿಡಿದಿದ್ದರು. ವಿರೂಪಾಕ್ಷಪ್ಪನವರು ತಮ್ಮ ಲೆಕ್ಕದಲ್ಲಿ ಮತ್ತೆ ಐದು ಹಿಡಿದರು.

ಸಾಹೇಬರು ಅಳಿಯನಾಗುವವನ ಪಕ್ಕಕ್ಕೆ ಬಂದು ನಿಂತರು. ಅವರೂ ಕುರ್ಚಿಯತ್ತ ನೋಡಲಿಲ್ಲ.

“ಯಾವ ಮುಲಾಮು ಹಚ್ಚಾಕತ್ತೀಯಪಾ?”

ಮುಸ್ತಾಕ ಹೆಸರು ಹೇಳಿದ.

“ಅದು ಏನೂ ಮಾಡೂದಿಲ್ಲ ಬೇಟಾ. ನಾ ಒಂದು ಕೊಡ್ತೇನಿ. ಆ ಏಳು ಭಜಿ ಮನಸಿಗೆ ಹಚ್ಕೋಬ್ಯಾಡ. ನಮ್ಮ ಮಾವ ನನಗ ಒಂಬತ್ತು ತಿನ್ನಿಸಿದ್ದ.”

ಮದುವೆ ಆಯಿತು. ಊಟದ ಪಂಗ್ತಿಯಲ್ಲಿ ಗಂಡಸರಲ್ಲಿ ಅರ್ಧ ಮಂದಿ ನಿಂತೇ ಉಂಡರು. ಯಾರೂ ಯಾಕೆಂದು ಕೇಳಲಿಲ್ಲ. ಈಗ ಗುರುವಾರಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕದವರೂ ವಸ್ತ್ರದಡಿ ಕೈ ಇಟ್ಟು ಹೋಗುತ್ತಾರೆ. ತಮ್ಮದನ್ನು ಹೇಳಿ, ಎದುರಿನವರದನ್ನು ಕೇಳಿ, ಹಗುರಾಗಿ ಪೇಟೆಗೆ ಮರಳುತ್ತಾರೆ. ಗೌಪ್ಯತೆ ಇಷ್ಟು ಹಿತವಾಗಿರುತ್ತದೆಂದು ಮೊದಲೇ ಗೊತ್ತಿರಲಿಲ್ಲ ಎನ್ನುತ್ತಾರೆ. ವಿದೇಶಿ ಕಂಪನಿಯೂ ಕಾರ್ಖಾನೆಗೆ ಪ್ರಶಂಸಾಪತ್ರ ಕಳಿಸಿದೆ.

ಮುಸ್ತಾಕ ಕೆಲಸದಲ್ಲಿದ್ದಾನೆ. ಅವನು ಅಮಲು ಪದಾರ್ಥ ಸೇವಿಸುತ್ತಾನೋ ಇಲ್ಲವೋ ಎಂಬ ಫಲಿತಾಂಶದ ಲಕೋಟೆ ವಿರೂಪಾಕ್ಷಪ್ಪನವರ ಕಪಾಟಿನಲ್ಲಿ ಅಂಟಿಸಿದ್ದು ಅಂಟಿಸಿದಂತೆಯೇ ಇದೆ. ಅದನ್ನು ಇನ್ನೂ ಯಾರೂ ಒಡೆದಿಲ್ಲ. ಮೇಲೆ ‘ಗೌಪ್ಯ’ ಎಂದು ಬರೆದಿದೆ.