ಹಿತ್ತಿಲ ಒಲೆಗೊಂದು ಸೂರು

ಎರಡನೇ ಶನಿವಾರ ಗುರುಸಿದ್ದಯ್ಯನ ಆಫೀಸಿಗೆ ರಜೆ. ರಜೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಅವನು ಹಿತ್ತಿಲಲ್ಲಿ ಜಿಟಿಜಿಟಿ ಮಳೆಯಲ್ಲಿ ನಿಂತು, ಉರಿಯುವ ಒಲೆಗೆ ಕೊಡೆ ಹಿಡಿದಿದ್ದ. ಕೊಡೆಯ ಕೆಳಗೆ ಒಲೆ ಇತ್ತು, ಒಲೆಯ ಮೇಲೆ ಉಪ್ಪಿಟ್ಟು ಇತ್ತು, ಮುಂದೆ ಹೆಂಡತಿ ಶಿವರುದ್ರಮ್ಮ ಇದ್ದಳು. ಕೊಡೆಯ ಹೊರಗೆ ಇದ್ದವನು ಗುರುಸಿದ್ದಯ್ಯ ಒಬ್ಬನೇ.

ಇದಕ್ಕೆಲ್ಲ ಮೂಲ ಮನೆಯ ಮಾಲೀಕರಾದ ಮೂಡಲಗಿರಿಯಪ್ಪನವರು. ಶಿರಾ ಗೇಟಿನ ಹಿಂದಿನ ಗಲ್ಲಿಯ ಆ ಮನೆಯನ್ನು ಬಾಡಿಗೆಗೆ ಕೊಡುವಾಗಲೇ ಅವರು ಒಂದು ಷರತ್ತು ಹಾಕಿದ್ದರು: ಗೋಡೆಗೆ ಹೊಸ ಸುಣ್ಣ ಹೊಡೆಸಿದೆ, ಒಳಗೆ ಸೌದೆ ಉರಿಸಿ ಮಸಿ ಮಾಡಕೂಡದು. ರೇಷನ್ ಸೀಮೆಎಣ್ಣೆ ಕಾಫಿ ಕಾಯಿಸುವುದಕ್ಕೇ ಸಾಲುತ್ತಿರಲಿಲ್ಲ. ಹಾಗಾಗಿ ಅಡುಗೆಮನೆ ಹಿತ್ತಿಲಿಗೆ ಹೋಯಿತು. ಮೂರು ವರ್ಷದಿಂದ ಅಲ್ಲೇ ಇತ್ತು.

ಆ ಒಲೆಯ ಸೇವೆ ಮಾಡಿದಷ್ಟು ಗುರುಸಿದ್ದಯ್ಯ ಆಫೀಸಿನ ಸಾಹೇಬರ ಸೇವೆಯನ್ನೂ ಮಾಡಿರಲಿಲ್ಲ. ಬೇಸಿಗೆಯಲ್ಲಿ ಒಲೆ ಬಿರುಕು ಬಿಟ್ಟರೆ ಗೂಳೂರು ಕೆರೆಯಿಂದ ಸೈಕಲ್ಲಿನಲ್ಲಿ ಜೇಡಿಮಣ್ಣು ತಂದು ಮೆತ್ತುತ್ತಿದ್ದ. ಚಳಿಗಾಲದ ಇಬ್ಬನಿಗೆ ಸೌದೆ ಒದ್ದೆಯಾದರೆ ಅದನ್ನು ಮಂಚದ ಕೆಳಗೆ ಬೆಚ್ಚಗೆ ಮಲಗಿಸುತ್ತಿದ್ದ. ಮೊದಲ ವರ್ಷ ಹೊದಿಸಿದ ತೆಂಗಿನ ಗರಿಯನ್ನು ಆಲಿಕಲ್ಲು ಮಳೆ ಚಿಂದಿ ಮಾಡಿತು. ಎರಡನೆಯ ವರ್ಷ ಕಟ್ಟಿದ ಟಾರ್ಪಾಲು ಆಷಾಢದ ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯ ಮೇಲೆ ಕೂತು ಶಿರಾ ಕಡೆಗೆ ಪ್ರಯಾಣ ಬೆಳೆಸಿತು. ಈ ವರ್ಷ ಬೊಂಬು ನೆಟ್ಟು ನಾಲ್ಕು ತಗಡು ಹಾಕಿದ್ದ. ನಿನ್ನೆ ಸಾಯಂಕಾಲದ ಗಾಳಿ ನಾಲ್ಕನ್ನೂ ಎತ್ತಿಕೊಂಡು ಹೋಗಿ ಪಕ್ಕದ ಚಿಕ್ಕಮಾರಮ್ಮನ ಹಸುವಿನ ಮುಂದೆ ಹಾಕಿತ್ತು.

"ನಾಲ್ಕು ಗಂಟೆ ಬಸ್ಸಿಗೆ ನಾನು ಕುಣಿಗಲ್‌ಗೆ ಹೊರಡ್ತೀನಿ," ಎಂದಳು ಶಿವರುದ್ರಮ್ಮ, ಉಪ್ಪಿಟ್ಟು ಕೆದಕುತ್ತಾ. "ಟ್ರಂಕ್ ತುಂಬಿಟ್ಟಿದೀನಿ. ಆಷಾಢ ಮುಗಿದ್ಮೇಲೆ ಬರ್ತೀನಿ."

"ಆಷಾಢಕ್ಕೆ ತವರಿಗೆ ಹೋಗೋದು ಹೊಸದಾಗಿ ಮದುವೆಯಾದೋರು ಕಣೇ. ನಮಗೆ ಹನ್ನೊಂದು ವರ್ಷ ಆಯ್ತು. ಜನ ಏನಂದ್ಕೋತಾರೆ?"

"ಒಲೆಗೆ ಕೊಡೆ ಹಿಡಿಯೋರ್ನ ನೋಡಿ ಏನಂದ್ಕೋತಾರೋ ಅದನ್ನೇ ಅಂದ್ಕೋತಾರೆ."

ಜನರ ಮಾತು ಹಾಗಿರಲಿ, ಶಿವರುದ್ರಮ್ಮ ಇಲ್ಲದ ಮನೆಯಲ್ಲಿ ಒಂದು ತಿಂಗಳಿರುವುದು ಗುರುಸಿದ್ದಯ್ಯನಿಂದಾಗುವ ಕೆಲಸವಲ್ಲ. ಅದನ್ನು ಅವಳ ಮುಂದೆ ಹೇಳುವುದಕ್ಕೆ ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾಯಿ ಬಂದಿರಲಿಲ್ಲ.

"ನಾಲ್ಕು ಗಂಟೆಯೊಳಗೆ ಸೂರು ಹಾಕ್ತೀನಿ. ಆಮೇಲೆ ಹೇಗೆ ಹೋಗ್ತೀಯೋ ನೋಡೋಣ," ಎಂದು ಉಪ್ಪಿಟ್ಟಿಗೂ ಕಾಯದೆ, ಕೊಡೆಯನ್ನು ಅವಳ ಕೈಗಿಟ್ಟು ಹೊರಟ.

ತಗಡು ತರಲು ಹೋದರೆ ಚಿಕ್ಕಮಾರಮ್ಮ ಖಾಲಿ ಚೆಂಬು ತೋರಿಸಿದಳು. "ನಿಮ್ ತಗಡು ಬಿದ್ದ ಸದ್ದಿಗೆ ನಮ್ ಗೌರಿ ಬೆಚ್ಚವ್ಳೆ ಅಯ್ನೋರೆ. ಒಂದ್ ತೊಟ್ಟೂ ಹಾಲ್ ಕೊಟ್ಟಿಲ್ಲ. ಒಸಿ ಗಂಗೆದೊಗಲು ತುರ್ಸಿ ಸಮಾಧಾನ ಮಾಡಿ."

ಗುರುಸಿದ್ದಯ್ಯ ಅರ್ಧ ಗಂಟೆ ಗೌರಿಯ ಕತ್ತು ತುರಿಸಿದ. ಆಮೇಲೆ ತಗಡು ಹೊತ್ತು ತಂದು ಏಣಿ ಹತ್ತಿದಾಗ, ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಸೀತಾರಾಮಯ್ಯನವರು ಕೆಳಗೆ ಬಂದು ನಿಂತರು. "ಗಾಳಿ ಬರೋದು ನೈಋತ್ಯದಿಂದ. ಇಳಿಜಾರು ಈಶಾನ್ಯಕ್ಕೆ ತಿರುಗಿಸಿ. ಇದು ನಾಲ್ಕನೇ ಕ್ಲಾಸಿನ ಭೂಗೋಳ ಕಣ್ರೀ."

ಈಶಾನ್ಯಕ್ಕೆ ತಿರುಗಿಸಿದ. ಮಳೆನೀರೆಲ್ಲ ಮೂಡಲಗಿರಿಯಪ್ಪನವರ ಗೋಡೆಗೆ ಸುರಿಯಿತು. ಅವರು ಇನ್ನೊಂದು ಪಕ್ಕದ ತಮ್ಮ ಮನೆಯ ಕಿಟಕಿಯಿಂದಲೇ, "ಸುಣ್ಣ ಹೋಯ್ತದೆ ಗುರುಸಿದ್ದಯ್ನೋರೇ, ತಿರುಗ್ಸಿ," ಎಂದರು. ಮತ್ತೆ ನೈಋತ್ಯಕ್ಕೆ ತಿರುಗಿಸಿದ. ಗಾಳಿ ಒಂದು ತಗಡನ್ನು ಅವನ ಕೈಯಿಂದಲೇ ಕಿತ್ತುಕೊಂಡು ಮತ್ತೆ ಗೌರಿಯ ಕಡೆಗೆ ಒಯ್ದಿತು.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಒಂದು ಕಾರ್ಡು ಕೊಟ್ಟುಹೋದ. ಐದು ವರ್ಷದ ಹಿಂದೆ ಗ್ಯಾಸಿಗೆ ಬರೆಸಿದ್ದ ಹೆಸರಿನ ಸರದಿ ಬಂದಿತ್ತು. ಇವತ್ತೇ ಹೋಗಿ ಸಿಲಿಂಡರನ್ನೂ ಸ್ಟೌವನ್ನೂ ತರಬಹುದಿತ್ತು.

"ರುದ್ರ, ಇನ್ನು ಹೊಗೆ ಇಲ್ಲ, ಮಸಿ ಇಲ್ಲ. ನೀನು ಮನೆಯೊಳಗೆ ನಿಂತ್ಕೊಂಡು ಅಡುಗೆ ಮಾಡ್ತೀಯ."

"ತಾಳ್ರಿ, ಮೊದಲು ಅದು ಮನೆಗೆ ಬರ್ಲಿ," ಎಂದಳು ಅವಳು.

ತಾಳುವವನೇ ಅವನು? ಸೋರುವ ಕೊಟ್ಟಿಗೆಗೆ ಹೊದಿಸಲು ನಾಲ್ಕೂ ತಗಡನ್ನು ಚಿಕ್ಕಮಾರಮ್ಮನಿಗೆ ಕೊಟ್ಟ. ಬೊಂಬು ಕಿತ್ತು, ಸೀಮೆಬದನೆ ಚಪ್ಪರಕ್ಕೆಂದು ಮೇಷ್ಟ್ರಿಗೆ ಕೊಟ್ಟ. ಹಾರೆ ತೆಗೆದುಕೊಂಡು, ಮೂರು ವರ್ಷದ ಸಿಟ್ಟನ್ನೆಲ್ಲ ಸೇರಿಸಿ, ಒಲೆಯನ್ನು ನಾಲ್ಕೇ ಏಟಿಗೆ ಪುಡಿ ಮಾಡಿದ. ಆಮೇಲೆ ಜಟಕಾ ಹತ್ತಿ ಹೋದ.

ಮೂರು ಗಂಟೆಗೆ ಸಿಲಿಂಡರನ್ನು ಹಸುಗೂಸಿನಂತೆ ತಬ್ಬಿಕೊಂಡು ಜಟಕಾದಿಂದ ಇಳಿದರೆ, ಬಾಗಿಲಲ್ಲಿ ಮೂಡಲಗಿರಿಯಪ್ಪನವರು ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು.

"ಹೊಗೆ ಬರಲ್ಲ ಯಜಮಾನ್ರೇ," ಎಂದ ಗುರುಸಿದ್ದಯ್ಯ.

"ಹೊಗೆ ಆದ್ರೆ ಕಣ್ಣಿಗೆ ಕಾಣ್ತದೆ. ಇದು ಕಾಣ್ದಂಗೆ ಬಂದು ಢಮಾರ್ ಅಂತದೆ. ಗೋಡೆಗೆ ಮಸಿ ಆಗ್ಬಾರ್ದು ಅಂತ ನಾನಂದ್ರೆ, ನೀವು ಗೋಡೆನೇ ಇಲ್ದಂಗೆ ಮಾಡಕ್ಕೆ ಹೊರಟಿದೀರಲ್ಲ. ಹಿತ್ತಿಲಿಗೆ ತಗೊಂಡೋಗಿ."

ಗುರುಸಿದ್ದಯ್ಯ ಹೆಂಡತಿಯ ಮುಖ ನೋಡಿದ.

"ಅವರು ಹೇಳೋದು ಸರಿ ಕಣ್ರೀ. ಅದನ್ನ ಒಳಗಿಟ್ಕೊಂಡು ನನಗೆ ನಿದ್ದೆ ಬರಲ್ಲ."

ಹಿತ್ತಿಲಲ್ಲಿ ಸೂರಿಲ್ಲ, ಬೊಂಬಿಲ್ಲ, ಒಲೆಯೂ ಇಲ್ಲ. ತಗಡು ವಾಪಸ್ ಕೇಳೋಣವೆಂದು ಬೇಲಿಯ ಹತ್ತಿರ ಹೋದ. ಅವನು ಬಾಯಿ ತೆರೆಯುವ ಮೊದಲೇ ಚಿಕ್ಕಮಾರಮ್ಮ ಒಂದು ಚೆಂಬು ನೊರೆಹಾಲು ಅವನ ಕೈಗಿಟ್ಟಳು. "ತಗಡು ಹಾಕಿದ್ದೇ ತಡ, ಗೌರಿ ತೊರೆ ಬುಟ್ಲು ಅಯ್ನೋರೆ. ನಿಮ್ ಕೈಗುಣ."

"ಹಸುವಿಗೆ ಅಂತ ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ನನ್ನಾಣೆ," ಎಂದಳು ಬೆನ್ನ ಹಿಂದೆ ಬಂದು ನಿಂತಿದ್ದ ಶಿವರುದ್ರಮ್ಮ.

ಹೊಸ ಒಲೆಯಲ್ಲಿ ಮೊದಲು ಹಾಲುಕ್ಕಿಸಬೇಕು, ಅದೂ ಇವತ್ತೇ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ಟೌವ್ ಇಟ್ಟು ಹಚ್ಚಿದ. ಗಾಳಿ ಆರಿಸಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಅಷ್ಟು ಹೊತ್ತಿಗೆ ನಿಂತಿದ್ದ ಮಳೆಯೂ ಮತ್ತೆ ಶುರುವಾಯಿತು. ನಾಲ್ಕು ಗಂಟೆಯ ಬಸ್ಸಿಗೆ ಇನ್ನು ಕಾಲು ಗಂಟೆಯಿತ್ತು. ಶಿವರುದ್ರಮ್ಮ ಎದ್ದು ಒಳಗೆ ಹೋದಳು, ಟ್ರಂಕ್ ಎಳೆಯುವ ಸದ್ದು ಕೇಳಿತು. ಹೋದಳು ಎಂದುಕೊಂಡು ಗುರುಸಿದ್ದಯ್ಯ ಆ ಕಲ್ಲಿನ ಪಕ್ಕದ ಒದ್ದೆ ನೆಲದ ಮೇಲೆ ಕುಸಿದು ಕೂತ.

ಅವಳು ಟ್ರಂಕನ್ನು ಹಿತ್ತಿಲಿಗೇ ಎಳೆದು ತಂದಳು. ಗಾಳಿ ಬರುವ ಕಡೆಗೆ, ಸ್ಟೌವಿನ ಪಕ್ಕದಲ್ಲಿ, ಅದನ್ನು ನೆಟ್ಟಗೆ ನಿಲ್ಲಿಸಿದಳು. ಸೀರೆಗಳಿಂದ ಭರ್ತಿಯಾಗಿದ್ದ ಟ್ರಂಕು ಎಂಥ ಗಾಳಿಗೂ ಮಿಸುಕಲಿಲ್ಲ. ಈ ಸಲ ನೀಲಿ ಉರಿ ನಿಂತಿತು.

"ಹಾಗಾದ್ರೆ ಕುಣಿಗಲ್ಲು?" ಎಂದ ಗುರುಸಿದ್ದಯ್ಯ, ಮೆಲ್ಲಗೆ.

"ಟ್ರಂಕ್ ಇಲ್ಲಿ ಬೇಕಲ್ಲ," ಎಂದಳು ಅವಳು, ಹಾಲಿನಿಂದ ಕಣ್ಣು ತೆಗೆಯದೆ. "ಸುಮ್ನೆ ಯಾಕೆ ಕೂತಿದೀರಿ? ಕೊಡೆ ತನ್ನಿ."

ಗುರುಸಿದ್ದಯ್ಯ ಕೊಡೆ ತಂದು ಹಿಡಿದ. ಬೇಲಿಯಾಚೆ ಗೌರಿ ಅವನ ತಗಡಿನ ಕೆಳಗೆ, ಮೈಮೇಲೆ ಒಂದು ಹನಿಯೂ ಬೀಳದೆ ಮೆಲುಕು ಹಾಕುತ್ತಾ ಅವನನ್ನೇ ನೋಡುತ್ತಿತ್ತು.