ಚಿಗಟಕ್ಕೊಂದು ಸೂಜಿಮೊನೆ ಮದ್ದು

ನನ್ನ ಕೈಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿಕೊಳ್ಳಲು ಮುಖ ಉಳಿಯುವುದಿಲ್ಲ!

ನಾನು ಗಡಿಯಾರ ರಿಪೇರಿಯವನು. ಸಾಸಿವೆ ಕಾಳೂ ಬಂಡೆ ಅನ್ನಿಸುವಷ್ಟು ಸಣ್ಣ ಚಕ್ರಗಳ ನಡುವೆ, ಉಸಿರು ಬಿಗಿಹಿಡಿದು, ಸೂಜಿಯ ಮೊನೆಯಿಂದ ಒಂದು ಚುಕ್ಕೆ ಎಣ್ಣೆ ಇಡುವ ಕೈ ಇದು. ನಡುಗುವುದಿಲ್ಲ, ಚೆಲ್ಲುವುದಿಲ್ಲ, ಗುರಿ ತಪ್ಪುವುದಿಲ್ಲ. ಇಂಥ ಕೈ ಇರುವವನು ಬೆಕ್ಕಿನ ಕತ್ತಿಗೆ ಒಂದಿಷ್ಟು ಔಷಧಿ ಹಾಕಲಾರನೇ? "ಈ ಮನೆಯ ಚಿಗಟ ಕುಲವನ್ನು ನಿರ್ವಂಶ ಮಾಡದಿದ್ದರೆ ನಾನು ಗಡಿಯಾರ ಮುಟ್ಟುವುದಿಲ್ಲ!" ಎಂದು ಎದೆ ತಟ್ಟಿಕೊಂಡು ಶಪಥ ಮಾಡಿದೆ. ತಟ್ಟಿಕೊಂಡ ಜಾಗದಲ್ಲೇ ಒಂದು ಚಿಗಟ ಕಚ್ಚಿತು. ಕೆರೆದುಕೊಂಡು ಶಪಥ ಮುಂದುವರಿಸಿದೆ.

ನಮ್ಮ ಬೆಕ್ಕಿನ ಹೆಸರು ದೊರೆಸಾನಿ. ಹೆಸರಿಗೆ ತಕ್ಕ ಗತ್ತು, ಗತ್ತಿಗೆ ತಕ್ಕ ತೂಕ. ಚಿಗಟ ಹತ್ತಿದ್ದು ಅದೊಂದಕ್ಕೇ ಆಗಿದ್ದರೆ ಅದೂ ಕೆರೆದುಕೊಂಡು ನಾವೂ ಕೆರೆದುಕೊಂಡು ಹೇಗೋ ಸಂಸಾರ ಸಾಗುತ್ತಿತ್ತು. ಆದರೆ ಅದೇ ಹೊತ್ತಿಗೆ ನನ್ನ ಹೆಂಡತಿಯ ತಂಗಿ ತನ್ನ ಫೆರೆಟ್ಟನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟಳು.

ಫೆರೆಟ್ ಎಂದರೆ ಮುಂಗುಸಿಯನ್ನು ಎರಡೂ ತುದಿ ಹಿಡಿದು ಎಳೆದ ಹಾಗಿರುವ ಒಂದು ಸಾಕುಪ್ರಾಣಿ. ಮೈಯಲ್ಲಿ ಮೂಳೆ ಇದೆಯೋ ಇಲ್ಲವೋ ಎಂದು ನನಗಿನ್ನೂ ಅನುಮಾನ. ಅದರ ಹೆಸರು ಸುರುಳಿ. ನಾದಿನಿಗೆ ಹೊಸದಾಗಿ ಮದುವೆಯಾಗಿದೆ. ಗಂಡನ ಮನೆಗೆ ಸುರುಳಿಯೂ ಬರಬೇಕೆಂಬುದು ಅವಳ ಹಟ. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಹೆರಿಗೆ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಅವರ ಮನೆಯಲ್ಲಿ ಧೂಳು ಕೂಡ ಕೈ ತೊಳೆದುಕೊಂಡೇ ಒಳಗೆ ಬರಬೇಕು! ಅವರು ಬೇಡ ಎನ್ನಲಿಲ್ಲ. ಒಂದು ಷರತ್ತು ಹಾಕಿದರು ಅಷ್ಟೇ.

"ಕರ್ಕೊಂಡು ಬಾ. ಆದ್ರೆ ಮೊದಲು ನಾನೇ ಬಂದು ನೋಡ್ತೀನಿ. ಒಂದೇ ಒಂದು ಹುಳ ಕಂಡ್ರೂ ನಮ್ಮ ಹೊಸಿಲು ದಾಟೋ ಹಾಗಿಲ್ಲ."

ಸುರುಳಿ ನಮ್ಮ ಮನೆಗೆ ಬಂದಾಗ ಚೊಕ್ಕವಾಗಿಯೇ ಇತ್ತು. ದೊರೆಸಾನಿಯ ಬುಟ್ಟಿಯಲ್ಲಿ ಒಂದು ನಿದ್ದೆ ತೆಗೆದು ಎದ್ದದ್ದೇ ತಡ, ಹಿಂಗಾಲಿನಿಂದ ಕಿವಿಯ ಹಿಂದೆ ಕೆರೆಯತೊಡಗಿತು. ವಿಷಯ ತಿಳಿದ ನಾದಿನಿ ಫೋನಿನಲ್ಲಿ ಬಿಕ್ಕಿದಳು. "ಭಾವ, ಆ ಮನೇಲಿ ನಂಗೆ ಇನ್ನೂ ಎಲ್ಲರೂ ಹೊಸಬರು. ಸುರುಳಿ ಒಂದಿದ್ರೆ ಹೇಗೋ ಇದ್ದುಬಿಡ್ತೀನಿ."

"ಅಳಬೇಡ ಕಣಮ್ಮ, ನಾನಿದ್ದೀನಲ್ಲ!" ಎಂದೆ. ನಾನಿರುವುದೇ ತೊಂದರೆ ಎಂದು ಆ ಮಗುವಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನನ್ನ ಹೆಂಡತಿ ಬಸ್ ಕಂಡಕ್ಟರ್. ಅವಳು ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆಯ ಹತ್ತಿರ ಹೋಗಿ ತೂಕ ಹಾಕಿಸಿ, ದೊರೆಸಾನಿಗೆ ದೊಡ್ಡದು, ಸುರುಳಿಗೆ ಸಣ್ಣದು, ಹೀಗೆ ಎರಡು ಟ್ಯೂಬ್ ತಂದಳು. ತಂದವಳು ಬಾಗಿಲಲ್ಲೇ ನಿಂತು, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ದನಿಯಲ್ಲಿ ಸೂಚನೆ ಕೊಟ್ಟಳು.

"ರೀ, ಸರಿಯಾಗಿ ಕೇಳಿಸ್ಕೊಳ್ಳಿ! ಕತ್ತಿನ ಹಿಂದೆ, ನಾಲಿಗೆ ಎಟುಕದ ಜಾಗದಲ್ಲಿ. ಕೂದಲು ಬಿಡಿಸಿ ಚರ್ಮದ ಮೇಲೇ ಬೀಳಬೇಕು. ಪೂರ್ತಿ ಟ್ಯೂಬು. ಒಣಗೋವರೆಗೂ ಎರಡನ್ನೂ ಬೇರೆ ಬೇರೆ ಇಡ್ಬೇಕು, ಒಂದನ್ನೊಂದು ನೆಕ್ಕಬಾರದು. ತಿಳೀತಾ?"

"ಡಾಕ್ಟರೇ ಹಾಕಿಕೊಡ್ತಿರಲಿಲ್ವೇನೇ?"

"ಹಾಕ್ತೀನಿ ಅಂದ್ರು. ನಾನೇ ಬೇಡ ಅಂದೆ. ನಮ್ಮೆಜಮಾನ್ರ ಕೈ ಅಂದ್ರೆ ಏನು ಅಂತ ನಿಮಗ್ಗೊತ್ತಿಲ್ಲ ಅಂದೆ."

ಹೆಂಡತಿ ಗಂಡನನ್ನು ಹೊಗಳುವುದು ಬಹಳ ಅಪರೂಪ. ಹೊಗಳಿದರೆ ಗಂಡ ನೆಲದ ಮೇಲೆ ನಿಲ್ಲುವುದಿಲ್ಲ. ನಾನೂ ನಿಲ್ಲಲಿಲ್ಲ.

ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕೆಲಸ ಮಾಡುವಾಗ ಯಾರೂ ಒಳಗೆ ಬರಬಾರದು ಎಂಬುದು ನನ್ನ ಕಟ್ಟಳೆ. ದೊರೆಸಾನಿಯನ್ನು ಬೀರುವಿನ ಮೇಲಿಂದ ಇಳಿಸಲು ನಾನೇ ಬೀರು ಹತ್ತಬೇಕಾಯಿತು. ಇಳಿಯುವಾಗ ಅದು ಮೊದಲು ಇಳಿಯಿತು, ಬೀರುವಿನ ಮೇಲೆ ನಾನೊಬ್ಬನೇ ಉಳಿದೆ. ಕೊನೆಗೆ ಟವೆಲ್ಲಿನಲ್ಲಿ ಸುತ್ತಿ, ತಲೆಯಷ್ಟೇ ಹೊರಗಿಟ್ಟು, ಮೇಜಿನ ಮೇಲೆ ಮಲಗಿಸಿ ಬಾಗಿಲು ಹಾಕಿಕೊಂಡೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೆ. ದೀಪ ಬಗ್ಗಿಸಿದೆ. ಕತ್ತಿನ ಕೂದಲು ಬಿಡಿಸಿದೆ. ಟ್ಯೂಬಿನ ತುದಿ ಮುರಿದೆ.

ಅಲ್ಲೇ ನೋಡಿ, ನನ್ನ ಕಸುಬು ತಲೆ ಎತ್ತಿತು.

ಪೂರ್ತಿ ಟ್ಯೂಬು? ಯಾರಾದರೂ ಹಾಕುತ್ತಾರೆಯೇ? ಗಡಿಯಾರಕ್ಕೆ ಎಣ್ಣೆ ಹೆಚ್ಚಾದರೆ ಅದು ಹರಡುತ್ತದೆ, ಧೂಳು ಹಿಡಿಯುತ್ತದೆ, ಚಕ್ರ ಜಡ್ಡುಗಟ್ಟಿ ನಿಲ್ಲುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಾಜೂಕು ಗೊತ್ತಿಲ್ಲದವರು ಧಾರಾಳವಾಗಿ ಸುರಿಯುತ್ತಾರೆ. ಪಾಪ, ಡಾಕ್ಟರಿಗೆ ನನ್ನಂಥ ಕೈ ಎಲ್ಲಿ ಸಿಗಬೇಕು! ನಾನು ಟ್ಯೂಬಿನ ಮದ್ದನ್ನೆಲ್ಲ ಒಂದು ಪುಟ್ಟ ಗಾಜಿನ ಶೀಶೆಗೆ ಬಗ್ಗಿಸಿ, ಎಣ್ಣೆ ಇಡುವ ಸೂಜಿಯನ್ನು ಚೆನ್ನಾಗಿ ಒರೆಸಿ, ಅದರ ಮೊನೆ ಅದ್ದಿ, ದೊರೆಸಾನಿಯ ಕತ್ತಿನ ಮೇಲೆ ಒಂದು ಚುಕ್ಕೆ ಇಟ್ಟೆ. ಎಂಥ ಚುಕ್ಕೆ! ದುಂಡಗೆ, ನಟ್ಟನಡುವೆ, ಹೊಳೆಯುತ್ತಾ! ದೊರೆಸಾನಿಗೆ ಏನೂ ಗೊತ್ತೇ ಆಗಲಿಲ್ಲ. ಸುರುಳಿ ಮಾತ್ರ ಟವೆಲ್ಲಿನ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಟು ಬಹಳ ಸತಾಯಿಸಿತು. ಅದರ ಮದ್ದನ್ನು ಇನ್ನೊಂದು ಶೀಶೆಗೆ ಬಗ್ಗಿಸಿ ಅದಕ್ಕೂ ಒಂದು ಚುಕ್ಕೆ ಇಟ್ಟೆ, ಅದರ ಗಾತ್ರಕ್ಕೆ ತಕ್ಕಂತೆ ಇನ್ನೂ ಸಣ್ಣದು.

"ಆಯ್ತಾ?" ಎಂದಳು ಹೆಂಡತಿ ಬಾಗಿಲಾಚೆಯಿಂದ.

"ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ!" ಎಂದೆ. ಎರಡು ಶೀಶೆಗಳಿಗೂ ಬಿರಟೆ ಹಾಕಿ ಕಪಾಟಿನಲ್ಲಿಟ್ಟೆ. ನಮ್ಮ ಬೆಕ್ಕಿನ ಮೊಮ್ಮಕ್ಕಳ ಕಾಲಕ್ಕೂ ಸಾಕಾಗುವಷ್ಟು ಮದ್ದು ಮಿಕ್ಕಿತ್ತು!

ಚಿಗಟಗಳು ಸಾಯಲಿಲ್ಲ. ನನ್ನ ಚುಕ್ಕೆಯನ್ನು ಅವು ಟಾನಿಕ್ ಎಂದು ಭಾವಿಸಿದಂತೆ ಕಾಣುತ್ತದೆ. ಸೋಫಾದಲ್ಲಿ ಚಿಗಟ, ಕಾಲ್ಚೀಲದಲ್ಲಿ ಚಿಗಟ, ಒಮ್ಮೆ ಬಿಚ್ಚಿಟ್ಟ ಕೈಗಡಿಯಾರದ ಮೇಲೆ ಒಂದು ಚಿಗಟ ಕುಳಿತು ಚಕ್ರ ತಿರುಗುವುದನ್ನು ನೋಡುತ್ತಿತ್ತು! ಹೆಂಡತಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಟಿಕೆಟ್ ಕೊಟ್ಟು ಇನ್ನೊಂದರಲ್ಲಿ ಕೆರೆದುಕೊಳ್ಳುವಂತಾಯಿತು. ಅಷ್ಟರಲ್ಲಿ ಬೀಗಿತ್ತಿ ಬರುವ ದಿನವೂ ಗೊತ್ತಾಯಿತು.

"ಏನ್ರೀ ಇದು? ಮದ್ದು ಹಾಕಿದ್ರಿ ತಾನೇ?"

"ಹಾಕಿದೆ ಕಣೇ. ಮದ್ದು ಮೈಗೆ ಏರಬೇಕಲ್ಲ!"

"ಇದೇನು ಬೆಟ್ಟವಾ, ಇಷ್ಟು ದಿನ ಏರೋದಕ್ಕೆ?"

ನಾನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. "ಮದ್ದೇ ಸರಿ ಇರಲಿಕ್ಕಿಲ್ಲ" ಎಂದುಬಿಟ್ಟೆ. ಅಷ್ಟು ಸಾಕಾಯಿತು! ಗಂಡನ ಕೈ ತಪ್ಪುವುದಿಲ್ಲ, ಹಾಗಾದರೆ ತಪ್ಪು ಡಾಕ್ಟರದ್ದೇ ಎಂದು ಅವಳು ಬುಟ್ಟಿ ಎತ್ತಿಕೊಂಡಳು. ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೊರಟಳು.

ಡಾಕ್ಟರ ಕೋಣೆಯ ಹೊರಗೆ ನಾಯಿ, ಗಿಳಿ, ಮೊಲ ಹಿಡಿದು ಜನ ಕೂತಿದ್ದರು. ಅವರೆಲ್ಲರ ಮುಂದೆ ನನ್ನ ಹೆಂಡತಿ ಶುರುಮಾಡಿದಳು. "ಏನ್ ಡಾಕ್ಟರೇ, ನೀರು ತುಂಬಿಸಿ ಕೊಟ್ರಾ? ನಮ್ಮೆಜಮಾನ್ರು ಕೂದಲೆಳೆಯಷ್ಟೂ ತಪ್ಪು ಮಾಡೋರಲ್ಲ! ಇವರು ಹಾಕಿದ ಮದ್ದು ಹಿಡೀಲಿಲ್ಲ ಅಂದ್ರೆ ಅದು ಮದ್ದೇ ಅಲ್ಲ!" ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಕೇಳತೊಡಗಿದವು. ನಾನು ಅವಳ ಸೆರಗು ಹಿಡಿದು ಮೆಲ್ಲಗೆ ಜಗ್ಗಿದೆ. "ನೀವು ಸುಮ್ನಿರಿ, ನಿಮಗೆ ದಾಕ್ಷಿಣ್ಯ ಜಾಸ್ತಿ" ಎಂದಳು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ನನ್ನ ಕಡೆ ತಿರುಗಿ ಕೇಳಿದರು.

"ಎಷ್ಟು ಹಾಕಿದ್ರಿ?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ?"

ನಾನು ಹೆಬ್ಬೆರಳು ತೋರುಬೆರಳು ಸೇರಿಸಿ, ನಡುವೆ ಗಾಳಿಯೂ ನುಸುಳದಷ್ಟು ಜಾಗ ಬಿಟ್ಟು ತೋರಿಸಿದೆ. ಜತೆಗೆ, ದುಂದು ಮಾಡುವವನಲ್ಲ ಎಂದು ಸಾಬೀತುಪಡಿಸಲು, ಜೇಬಿನಿಂದ ಎರಡೂ ಶೀಶೆ ತೆಗೆದು ಮೇಜಿನ ಮೇಲಿಟ್ಟೆ. ಯಾಕೆ ತಂದಿದ್ದೆನೋ ದೇವರೇ ಬಲ್ಲ! ಮೆಚ್ಚುಗೆ ಸಿಕ್ಕೀತು ಎಂಬ ಆಸೆ ಎಲ್ಲೋ ಇತ್ತೆಂದು ತೋರುತ್ತದೆ.

ಡಾಕ್ಟರು ಶೀಶೆಯನ್ನು ಬೆಳಕಿಗೆ ಹಿಡಿದರು. ಆಮೇಲೆ ದೊರೆಸಾನಿಯನ್ನು ನೋಡಿದರು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಈ ಮದ್ದು ಕತ್ತಿನಿಂದ ಇಡೀ ಮೈಗೆ ಹರಡಬೇಕು, ಅದಕ್ಕೇ ತೂಕ ನೋಡಿ ಕೊಡೋದು. ಇದೇನು ಗಡಿಯಾರವಾ ಸ್ವಾಮಿ?"

"ಅವರು ಗಡಿಯಾರದವರೇ" ಎಂದಳು ಹೆಂಡತಿ. ದನಿ ಬಸ್ಸಿನಿಂದ ಇಳಿದುಹೋಗಿತ್ತು.

ಅವಳ ಮುಖ ನೋಡಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಾಕ್ಟರ ಹತ್ತಿರ ಎರಡೂ ಕೈ ಮುಗಿದು "ತಪ್ಪಾಯ್ತು ಕಣಮ್ಮಾ" ಎಂದಳಲ್ಲ, ಅದನ್ನು ತಡೆಯಲಾರದೆ ಶೀಶೆಗಳನ್ನು ಮತ್ತೆ ಜೇಬಿಗೆ ತುರುಕಿಕೊಂಡೆ. ಬರಿಯ ಜಂಬಕ್ಕೆ ನಾನು ಅವಳ ಮರ್ಯಾದೆಯನ್ನೂ ಅವಳ ತಂಗಿಯ ನೆಮ್ಮದಿಯನ್ನೂ ಸೂಜಿಮೊನೆಯ ಮೇಲೆ ನಿಲ್ಲಿಸಿದ್ದೆ.

ಡಾಕ್ಟರು ಹೊಸ ಟ್ಯೂಬ್ ತೆಗೆದು ತಾವೇ ಎರಡಕ್ಕೂ ಪೂರ್ತಿ ಹಾಕಿದರು. ಕಣ್ಣಿಗೆ ಗಾಜಿಲ್ಲ, ಮೇಜಿಗೆ ದೀಪವಿಲ್ಲ, ಕೂದಲು ಬಿಡಿಸಿದರು, ಹಿಂಡಿದರು, ಮುಗಿಯಿತು! ಹೊರಡುವಾಗ ಎಚ್ಚರಿಸಿದರು: "ಚಿಗಟದ ಮೊಟ್ಟೆ ಮನೇಲೂ ಉದುರಿರುತ್ತೆ. ಅವು ಮಲಗೋ ಬಟ್ಟೆ, ದಿಂಬು ಎಲ್ಲ ಬಿಸಿನೀರಲ್ಲಿ ಒಗೀರಿ. ಮೂಲೆ ಮೂಲೆ ಗುಡಿಸಿ."

ಹೆಂಡತಿ ರಜೆ ಹಾಕಿ ಮನೆಯನ್ನು ತಲೆಕೆಳಗು ಮಾಡಿದಳು. ಸೋಫಾ ಜಾಡಿಸಿದಳು, ಪರದೆ ಒಗೆದಳು. ಕೊನೆಗೆ ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತಳು.

"ಇಲ್ಲೂ ಗುಡಿಸ್ಬೇಕು. ದೊರೆಸಾನಿ ನಿಮ್ಮ ಸ್ಟೂಲಿನ ಮೆತ್ತೆ ಮೇಲೇ ತಾನೆ ಮಲಗೋದು?"

"ಅಯ್ಯೋ ಮಹರಾಯ್ತಿ, ಇಲ್ಲಿ ಧೂಳೆಬ್ಬಿಸೋ ಹಾಗಿಲ್ಲ! ಗಡಿಯಾರಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿವೆ!"

"ಮೆತ್ತೆ ಆದ್ರೂ ಕೊಡಿ."

"ಅದು ನಾನು ಕೂರೋ ಮೆತ್ತೆ ಕಣೇ, ಬೆಕ್ಕಿಂದಲ್ಲ" ಎಂದೆ. ನಾಯಿ ಬಾಲ ಡೊಂಕೇ ಎಂದು ಗೊಣಗುತ್ತಾ ಹೋದಳು. ಕೆಲವೇ ದಿನಗಳಲ್ಲಿ ದೊರೆಸಾನಿಯೂ ಸುರುಳಿಯೂ ಕೆರೆಯುವುದನ್ನು ಬಿಟ್ಟವು. ನನಗೆ ಮಾತ್ರ ಆಗೀಗ ತುರಿಸುತ್ತಿತ್ತು. ಮನಸ್ಸಿನ ಭ್ರಮೆ ಎಂದುಕೊಂಡೆ.

ಬೀಗಿತ್ತಿ ಬಂದರು. ಹಿಂದೆಯೇ ನಾದಿನಿ, ಉಗುರು ಕಚ್ಚುತ್ತಾ. ಮೇಟ್ರನ್ನಮ್ಮನವರು ಸೋಫಾದಲ್ಲಿ ಕೂತು, ಚೀಲದಿಂದ ಬಿಳಿ ಬಟ್ಟೆ ತೆಗೆದು ತೊಡೆಯ ಮೇಲೆ ಹಾಸಿ, ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ ಹಿಡಿದರು. ಸುರುಳಿಯನ್ನು ಕತ್ತಿನಿಂದ ಬಾಲದವರೆಗೆ ಬಾಚಿದರು. ಮಗ್ಗುಲು ತಿರುಗಿಸಿ ಬಾಚಿದರು. ಹೊಟ್ಟೆಯನ್ನೂ ಬಿಡಲಿಲ್ಲ. ಬಟ್ಟೆಯ ಮೇಲೆ ಏನೂ ಬೀಳಲಿಲ್ಲ. ನಾದಿನಿಯ ಮುಖ ಅರಳುತ್ತಿತ್ತು. ನಾನು ಹತ್ತಿರ ಹೋಗಿ ಬಗ್ಗಿ, "ನೋಡಿ, ಎಷ್ಟು ಚೊಕ್ಕವಾಗಿದೆ!" ಎಂದೆ.

ಆಗ ಬಿಳಿ ಬಟ್ಟೆಯ ನಟ್ಟನಡುವೆ ಟಪ್ಪೆಂದು ಒಂದು ಕಪ್ಪು ಚುಕ್ಕೆ ಬಂದು ಕೂತಿತು. ದುಂಡಗೆ, ಹೊಳೆಯುತ್ತಾ. ಮತ್ತೆ ಹಾರಿತು.

ನಾದಿನಿಯ ಕಣ್ಣು ತುಂಬಿದವು. "ಅತ್ತೆ, ಇನ್ನೊಂದ್ಸಲ ನೋಡಿ" ಎಂದಳು, ದನಿಯೇ ಹೊರಡದೆ.

ಬೀಗಿತ್ತಿ ಇನ್ನೊಮ್ಮೆ ಬಾಚಿದರು. ಇಲ್ಲ. ದೊರೆಸಾನಿಯನ್ನು ಕರೆಸಿದರು. ಜನ್ಮದಲ್ಲಿ ಯಾರ ಮಾತೂ ಕೇಳದ ಆ ಬೆಕ್ಕು ಅವರ ಮುಂದೆ ನರ್ಸಿನ ಹಾಗೆ ನಿಂತಿತು. ಬಾಚಿದರು. ಅಲ್ಲೂ ಇಲ್ಲ. ಬಾಚಣಿಗೆ ಹಿಡಿದುಕೊಂಡೇ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಲಗಾಲಿನಿಂದ ಎಡಗಾಲನ್ನು ಕೆರೆದುಕೊಳ್ಳುತ್ತಿದ್ದೆ.

"ಯಜಮಾನ್ರೇ, ಕಾಲು ಸ್ವಲ್ಪ ಮುಂದೆ ಇಡಿ."

ಇಟ್ಟೆ. ಕಾಲ್ಚೀಲದ ಮೇಲೆ ಒಂದೇ ಒಂದು ಸಲ ಬಾಚಣಿಗೆ ಆಡಿಸಿ ಬಿಳಿ ಬಟ್ಟೆಗೆ ತಟ್ಟಿದರು. ಅಲ್ಲಿ ಶುರುವಾದ ಕುಣಿತವನ್ನು ನಾನು ವರ್ಣಿಸಲಾರೆ!

"ಎಲ್ಲಿ ಕೂರ್ತೀರಿ ನೀವು?"

"ಮೆತ್ತೆ ಮೇಲೆ ಕೂರ್ತಾರೆ. ಒಗೆಯೋಕೆ ಕೊಡಲ್ಲ" ಎಂದಳು ನನ್ನ ಹೆಂಡತಿ. ಎಷ್ಟೋ ದಿನದಿಂದ ಅದುಮಿಟ್ಟಿದ್ದ ನಗು ಅವಳ ಬಾಯಿಂದ ಚಿಮ್ಮಿತು. ನಾದಿನಿ ಅಳುತ್ತಿದ್ದವಳು ಅಕ್ಕನ ಹೆಗಲ ಮೇಲೆ ಬಿದ್ದು ನಗತೊಡಗಿದಳು.

ಬೀಗಿತ್ತಿ ನಗಲಿಲ್ಲ. ತೀರ್ಪು ಕೊಟ್ಟರು. "ಸುರುಳಿ ನಮ್ಮನೆಗೆ ಬರಬಹುದು. ಭಾನುವಾರ ಎಲ್ರೂ ಊಟಕ್ಕೆ ಬನ್ನಿ. ಯಜಮಾನ್ರೇ, ನೀವು ಬೇಡ. ಗುಣ ಆದ್ಮೇಲೆ ನೋಡೋಣ."

ಭಾನುವಾರ ಹೆಂಡತಿ ಚೆನ್ನಾಗಿ ಅಲಂಕರಿಸಿಕೊಂಡು ಹೊರಟಳು. ಹೋಗುವ ಮುನ್ನ ನನ್ನ ಅಂಗಡಿಯ ಗಡಿಯಾರಗಳನ್ನೆಲ್ಲ ಮುಚ್ಚಿಸಿ, ಮೆತ್ತೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ, ಅದನ್ನು ಕೋಲಿನಿಂದ ತಿರುವುತ್ತಿರುವ ಕೆಲಸ ನನಗೆ ಕೊಟ್ಟುಹೋದಳು. ಮಧ್ಯಾಹ್ನ ಹಸಿವಿನಿಂದ ಕಣ್ಣು ಕತ್ತಲೆ ಬರುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ನಾದಿನಿ! ಕೈಯಲ್ಲಿ ಊಟದ ಡಬ್ಬಿ, ಮುಖದಲ್ಲಿ ಹೊಸ ಮನೆಯ ಸಂತೋಷ. ಎಷ್ಟಾದರೂ ಭಾವನ ಮೇಲೆ ಪ್ರೀತಿ ಇದೆ ಎಂದುಕೊಂಡು ಬಾಗಿಲನ್ನು ಅಗಲವಾಗಿ ತೆರೆದೆ.

"ಒಳಗೆ ಬಾರಮ್ಮ, ಕೂತ್ಕೋ" ಎಂದೆ.

ಅವಳು ಡಬ್ಬಿಯನ್ನು ಹೊಸಿಲಿನ ಹೊರಗೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ ಭಾವ, ಬೇಜಾರು ಮಾಡ್ಕೋಬೇಡಿ. ಮನೇಲಿ ಸುರುಳಿ ಇದೆ, ಅದಕ್ಕೆ ಹತ್ತಿಬಿಟ್ರೆ ಕಷ್ಟ!"